ಆ ಹೊತ್ತಿಗೆ ಎಷ್ಟು ವಾರ?

ಕಳೆದ ಸಂಚಿಕೆಯಲ್ಲಿ ಬಸುರಿಯರು ಮಾತ್ರೆ ನುಂಗುವ ಬಗ್ಗೆ ಎರಡು ಪುಟ ಬರೆದು, ಕೊನೆಗೆ ಕಾರ್ಖಾನೆಯ ಅನಿಲದ ಬಗ್ಗೆ ಒಂದೇ ಒಂದು ಸಾಲು ಸೇರಿಸಿದ್ದೆ. ಎರಡು ಪುಟಕ್ಕೆ ನಾಲ್ಕು ಪತ್ರ ಬಂದವು, ಆ ಒಂದು ಸಾಲಿಗೆ ಹದಿನೇಳು. ಹೆರಿಗೆ ವಾರ್ಡಿಗೆ ಬರುವ ಮುಂಚೆ ನಾನು ಆರು ವರ್ಷ ಒಂದು ಕಾರ್ಖಾನೆಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ, ಕಾರ್ಖಾನೆಯ ಅನಿಲ, ರಾಸಾಯನಿಕ ತಾಗಿದರೆ ಹೊಟ್ಟೆಯ ಮಗುವಿಗೆ ಏನಾಗುತ್ತದೆ ಎಂಬುದಕ್ಕೇ ಮೀಸಲು. ಐದು ಪತ್ರ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು, ಊರು ತೆಗೆದಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮ, ನನಗೆ ಇದು ಮೊದಲ ಬಸಿರು. ಮೂರು ವಾರದ ಹಿಂದೆ ಮನೆ ಹತ್ತಿರದ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯ ಸೋರಿತು. ಕಣ್ಣು ಉರಿ, ಕೆಮ್ಮು. ಹತ್ತು ಹದಿನೈದು ನಿಮಿಷದೊಳಗೆ ನಾವೆಲ್ಲ ದೂರ ಓಡಿದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮಟ್ಟ ಸರಿಯಿದೆ ಎಂದರು, ಎದೆಯ ಎಕ್ಸ್‌ರೇ ತೆಗೆದರು. ಆಗ ನನಗೆ ಏಳು ವಾರ. ಮಗು ಅಂಗವಿಕಲವಾಗಿ ಹುಟ್ಟುತ್ತದೆ, ಈಗಲೇ ತೆಗೆಸಿಬಿಡು ಎಂದು ಅತ್ತೆ ಹೇಳುತ್ತಿದ್ದಾರೆ. ನನ್ನವರು ಏನೂ ಮಾತಾಡುತ್ತಿಲ್ಲ. ಏನು ಮಾಡಲಿ?

ಉತ್ತರ: ತೆಗೆಸುವ ಮಾತು ಬಿಡಿ ತಾಯಿ. ನೀವು ಬರೆದದ್ದರಲ್ಲಿ ಅದಕ್ಕೆ ಕಾರಣವೇ ಕಾಣುವುದಿಲ್ಲ. ಯಾಕೆಂದು ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ನಿಮ್ಮವರಿಗೆ ಎರಡು ಸಲ ಓದಿ ಹೇಳಿ.

ಅನಿಲ ಕುಡಿದ ಬಸುರಿ ಬಂದರೆ ನಾನು ಕೇಳುವುದು ಇಷ್ಟು: ಸೋರಿದ್ದು ಏನು, ಎಷ್ಟು ಹೊತ್ತು ಉಸಿರಾಡಿದಿರಿ, ಆ ಹೊತ್ತಿಗೆ ಎಷ್ಟು ವಾರ. ಕೇಳದೆಯೇ ನೀವು ಮೂರನ್ನೂ ಬರೆದಿದ್ದೀರಿ. ಹದಿನೇಳು ಪತ್ರಗಳಲ್ಲಿ ಹಾಗೆ ಬರೆದವರು ನೀವೊಬ್ಬರೇ.

ವಾರದಿಂದ ಶುರು ಮಾಡೋಣ. ಡಾಕ್ಟರರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಂದರೆ ನಿಮ್ಮ ಏಳು ವಾರ ಮಗುವಿನ ಲೆಕ್ಕದಲ್ಲಿ ಐದು ವಾರ. ಗರ್ಭ ಕಟ್ಟಿದ ಮೊದಲೆರಡು ವಾರದಲ್ಲಿ ದೊಡ್ಡ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಗರ್ಭ ನಿಲ್ಲುವುದೇ ಇಲ್ಲ, ನಿಂತರೆ ಸರಿಯಾಗಿಯೇ ಬೆಳೆಯುತ್ತದೆ. ಮೂರರಿಂದ ಎಂಟನೇ ವಾರದವರೆಗೆ ಹೃದಯ, ಬೆನ್ನುಹುರಿ, ಕೈಕಾಲು, ಮುಖ ರೂಪುಗೊಳ್ಳುತ್ತವೆ. ಅಂಗದ ಆಕಾರ ಕೆಡುವುದಿದ್ದರೆ ಹೆಚ್ಚಾಗಿ ಈ ಆರು ವಾರದಲ್ಲಿ. ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರಲ್ಲ, ಆ ಮಾತ್ರೆ ಮಗುವಿಗೆ ಹಾನಿ ಮಾಡುತ್ತಿದ್ದದ್ದು ಗರ್ಭ ಕಟ್ಟಿದ ಸುಮಾರು 20ನೇ ದಿನದಿಂದ 36ನೇ ದಿನದೊಳಗೆ. ನಿಮ್ಮ ಐದು ವಾರ ಈ ಸೂಕ್ಷ್ಮ ಕಾಲದ ನಟ್ಟನಡುವೆ ಬರುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಆದರೆ ಕಾಲ ಸೂಕ್ಷ್ಮವಾಗಿದ್ದರೆ ಸಾಲದು, ವಸ್ತುವೂ ಮಗುವಿನವರೆಗೆ ಹೋಗಬೇಕು. ಅಮೋನಿಯಕ್ಕೆ ನೀರು ಕಂಡರಾಯಿತು, ಅಲ್ಲೇ ಕರಗಿಬಿಡುತ್ತದೆ. ಕಣ್ಣು, ಮೂಗು, ಗಂಟಲು ಇವುಗಳ ಪಸೆಯಲ್ಲೇ ಅದರ ಬಹುಪಾಲು ಕೆಲಸ ಮುಗಿಯುತ್ತದೆ. ಕಣ್ಣು ಉರಿದದ್ದು, ಕೆಮ್ಮು ಬಂದದ್ದು ಅದಕ್ಕೇ. ರಕ್ತಕ್ಕೆ ಸೇರಿದ ಚೂರುಪಾರನ್ನು ಪಿತ್ತಜನಕಾಂಗ ಯೂರಿಯ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ನಮ್ಮ ಮೈಯೇ ದಿನವೂ ಅಮೋನಿಯ ಹುಟ್ಟಿಸುತ್ತದೆ, ಪಿತ್ತಜನಕಾಂಗಕ್ಕೆ ಇದು ಹೊಸ ಕೆಲಸವಲ್ಲ. ಅಮೋನಿಯ, ಕ್ಲೋರಿನ್ ತರಹದ ಉರಿ ತರುವ ಅನಿಲಗಳಿಂದ ಮಗುವಿಗೆ ಅಪಾಯ ಬರುವುದು ತಾಯಿಯ ಶ್ವಾಸಕೋಶ ಸುಟ್ಟು ಆಕೆಗೆ ಆಕ್ಸಿಜನ್ ಸಾಲದಾದಾಗ. ನಿಮಗೆ ಹಾಗಾಗಿಲ್ಲ.

ಎಕ್ಸ್‌ರೇ ಬಗ್ಗೆ ನೀವು ಕೇಳಿಲ್ಲ, ರಾತ್ರಿ ನಿದ್ದೆ ಬಾರದೆ ಕೇಳಿಕೊಳ್ಳುತ್ತೀರಿ. ಎದೆಯ ಎಕ್ಸ್‌ರೇಯಿಂದ ಹೊಟ್ಟೆಯ ಮಗುವಿಗೆ ತಲುಪುವ ವಿಕಿರಣ 0.01 ಮಿಲಿಗ್ರೇಗಿಂತಲೂ ಕಡಿಮೆ (ಮಿಲಿಗ್ರೇ ಎಂದರೆ ವಿಕಿರಣ ಅಳೆಯುವ ಮಾನ). ನಾವು ಚಿಂತೆ ಮಾಡಲು ತೊಡಗುವುದು 50 ಮಿಲಿಗ್ರೇ ದಾಟಿದ ಮೇಲೆ.

ಒಂದು ಅನಿಲದ ವಿಷಯದಲ್ಲಿ ಮಾತ್ರ ನಾನು ಇಷ್ಟು ಸಲೀಸಾಗಿ ಮಾತಾಡುವುದಿಲ್ಲ: ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಅದು ಕಣ್ಣುರಿಯನ್ನೂ ತರುವುದಿಲ್ಲ. ತಾಯಿಯ ರಕ್ತದಿಂದ ಮಗುವಿನ ರಕ್ತಕ್ಕೆ ದಾಟಿ ಅಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಾಯಿ ಚೇತರಿಸಿಕೊಂಡು ಎದ್ದು ಕೂತರೂ ಮಗುವಿನ ರಕ್ತದಿಂದ ಅದು ಇಳಿಯಲು ಇನ್ನೂ ಎಷ್ಟೋ ಹೊತ್ತು ಬೇಕು. ಹಾಗಾಗಿ ಬಸುರಿಗೆ ಆಕ್ಸಿಜನ್ ಹಾಕಿದರೆ ಆಕೆಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಿ ತಲೆನೋವು ಬಂತು ಎಂದು ಬರೆದ ಇನ್ನೊಬ್ಬ ಓದುಗರೇ, ಈ ಮಾತು ನಿಮಗೆ.

ಈಗ ಅತ್ತೆಯವರ ಮಾತು. ಅವರನ್ನು ನಾನು ಬೈಯುವುದಿಲ್ಲ. ಇಟಲಿಯಲ್ಲಿ ಒಂದು ಇಡೀ ಪಟ್ಟಣ ಇದೇ ಭಯದಲ್ಲಿ ನರಳಿತು. 1976ರ ಜುಲೈ 10, ಶನಿವಾರ ಮಧ್ಯಾಹ್ನ, ಮಿಲಾನ್ ನಗರದ ಹತ್ತಿರ ಮೇಡ ಎಂಬಲ್ಲಿನ ಇಕ್ಮೇಸ ಕಾರ್ಖಾನೆಯಲ್ಲಿ ಟ್ರೈಕ್ಲೋರೋಫಿನಾಲ್ ಎಂಬ ರಾಸಾಯನಿಕ ಮಾಡುವ ರಿಯಾಕ್ಟರು ಕಾದು, ಒತ್ತಡ ಏರಿ, ರಕ್ಷಣೆಗೆಂದು ಇಟ್ಟ ಬಿಲ್ಲೆ ಒಡೆದು ಒಳಗಿದ್ದದ್ದೆಲ್ಲ ಮೋಡವಾಗಿ ಹೊರಬಂತು. ಗಾಳಿ ಅದನ್ನು ಪಕ್ಕದ ಸೆವೆಸೊ ಪಟ್ಟಣದ ಮೇಲೆ ತಂದು ಹಾಕಿತು. ಆ ಮೋಡದಲ್ಲಿ ಡಯಾಕ್ಸಿನ್ ಎಂಬ ಕಡು ವಿಷ ಇತ್ತು. ಕೋಳಿ, ಮೊಲಗಳು ಸತ್ತವು, ಮಕ್ಕಳ ಮುಖದಲ್ಲಿ ಬೊಕ್ಕೆ ಎದ್ದವು. ವಸ್ತುವಿನ ಹೆಸರು ಜನರ ಕಿವಿಗೆ ಬೀಳುವಷ್ಟರಲ್ಲಿ ಒಂದು ವಾರ ದಾಟಿತ್ತು. ಅತಿ ಹೆಚ್ಚು ವಿಷ ಬಿದ್ದ ‘ಎ’ ವಲಯದಿಂದ 700ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಇಟಲಿಯಲ್ಲಿ ಆಗ ಗರ್ಭಪಾತಕ್ಕೆ ಅವಕಾಶ ಬಲು ಕಡಿಮೆ. ಆದರೂ ಹೆದರಿದ ಸುಮಾರು ಮೂವತ್ತು ಹೆಂಗಸರು ತೆಗೆಸಿಕೊಂಡರು. ಆ ಭ್ರೂಣಗಳನ್ನು ತಜ್ಞರು ಕೂಲಂಕಷವಾಗಿ ಪರೀಕ್ಷಿಸಿದರು. ವಿಷದಿಂದ ಎಂದು ಹೇಳಬಹುದಾದ ಅಂಗದೋಷ ಒಂದರಲ್ಲೂ ಸಿಗಲಿಲ್ಲ.

ಮುಂದೆ 1977ರಿಂದ 1982ರವರೆಗೆ ಆ ಪ್ರದೇಶದ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದಾಖಲಿಸಿದರು. ‘ಎ’ ವಲಯದ ತಾಯಂದಿರಿಗೆ ಹುಟ್ಟಿದ್ದು 26 ಮಕ್ಕಳು, ದೊಡ್ಡ ಅಂಗದೋಷ ಯಾರಿಗೂ ಇರಲಿಲ್ಲ. ಇದನ್ನು ಹಿಡಿದುಕೊಂಡು ಡಯಾಕ್ಸಿನ್ ನಿರಪಾಯ ಎನ್ನುವವರಿದ್ದಾರೆ. ಅದೂ ತಪ್ಪು. ಎಲ್ಲಿಯೂ ಯಾವ ಅಪಘಾತವೂ ಇಲ್ಲದೆಯೇ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ದೊಡ್ಡ ದೋಷ ಇರುತ್ತದೆ. ಆ ಲೆಕ್ಕದಲ್ಲಿ 26 ಹೆರಿಗೆಯಲ್ಲಿ ದೋಷವಿರುವ ಒಂದು ಮಗು ಕೂಡ ಬರುವುದಿಲ್ಲ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅಪಾಯ ಎರಡರಷ್ಟಾಗಿದ್ದರೂ ಗೊತ್ತಾಗದು. ಡಯಾಕ್ಸಿನ್ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ. ಅರ್ಧ ಇಳಿಯಲು ಏಳೆಂಟು ವರ್ಷ ಹಿಡಿಯುತ್ತದೆ. ನಿಮ್ಮ ಅಮೋನಿಯ ಅದೇ ದಿನ ಮುಗಿದುಹೋಯಿತು.

ಇನ್ನು ನನ್ನದೇ ಒಂದು ತಪ್ಪು. ಕಾರ್ಖಾನೆಯ ಆಸ್ಪತ್ರೆಗೆ ಸೇರಿದ ಎರಡನೇ ವರ್ಷ, ರಾತ್ರಿ ಪಾಳಿಯಲ್ಲಿ ವಾಲ್ವ್ ಬಿಟ್ಟುಕೊಂಡು ಅಮೋನಿಯ ಹರಿದು ಕ್ವಾರ್ಟರ್ಸಿನವರೆಲ್ಲ ನಮ್ಮ ವರಾಂಡಕ್ಕೆ ಬಂದರು. ಅವರಲ್ಲಿ ಒಬ್ಬಾಕೆ ಬಸುರಿ. ಕಣ್ಣು ತೊಳೆಸಿ, ‘ಏನೂ ಆಗಲ್ಲ ಹೋಗಮ್ಮ’ ಎಂದು ಕಳಿಸಿದೆ. ಎಷ್ಟು ವಾರ ಎಂದು ಕೇಳಲಿಲ್ಲ, ಚೀಟಿಯಲ್ಲಿ ಬರೆಯಲಿಲ್ಲ. ಮಗು ಹುಟ್ಟಿತು, ಎಡಗೈಯಲ್ಲಿ ಆರು ಬೆರಳು. ಅನಿಲದಿಂದಲೇ ಎಂದು ಇಡೀ ಕ್ವಾರ್ಟರ್ಸ್ ಮಾತಾಡಿತು, ನನ್ನ ಮೇಲೂ ಮಾತು ಬಂತು. ಉತ್ತರ ಕೊಡಲು ನನ್ನ ಹತ್ತಿರ ಒಂದು ತಾರೀಖೂ ಇರಲಿಲ್ಲ. ಕೊನೆಗೆ ಮಗುವಿನ ಅಜ್ಜ ಬೆಂಚಿನ ಮೇಲೆ ಕೂತು ತನ್ನ ಎಡಗೈಯನ್ನು ಟವೆಲ್ಲಿನ ಒಳಗಿಂದ ತೆಗೆದು ತೋರಿಸಿದರು. ಕಿರುಬೆರಳಿನ ಪಕ್ಕ ಹಳೆಯ ಗಾಯದ ಕಲೆ. ಚಿಕ್ಕಂದಿನಲ್ಲೇ ಕತ್ತರಿಸಿ ತೆಗೆಸಿದ್ದರಂತೆ. ಮನೆತನದಲ್ಲೇ ಇತ್ತು. ಅವರು ಟವೆಲ್ ತೆಗೆಯದಿದ್ದರೆ ಆ ತಾಯಿ ಇವತ್ತಿಗೂ ಆ ರಾತ್ರಿಯನ್ನು ಶಪಿಸುತ್ತಿರುತ್ತಿದ್ದಳು.

ನೀವು ಮಾಡಬೇಕಾದದ್ದು ಇಷ್ಟು: ಅವತ್ತಿನ ತಾರೀಖು, ಅನಿಲದ ಹೆಸರು, ಕೊನೆಯ ಮುಟ್ಟಿನ ದಿನ ಇವನ್ನು ತಾಯಿ ಕಾರ್ಡಿನಲ್ಲೇ ಬರೆಸಿ. ಫೋಲಿಕ್ ಆಮ್ಲದ ಮಾತ್ರೆ ಬಿಡಬೇಡಿ. 18ರಿಂದ 20ನೇ ವಾರದಲ್ಲಿ ಅಂಗಗಳನ್ನು ನೋಡುವ ಸ್ಕ್ಯಾನ್ ಮಾಡಿಸಿ. ಅದು ಅನಿಲ ಸೋರದಿದ್ದರೂ ಮಾಡಿಸಬೇಕಾದದ್ದೇ.

ಪ್ರಶ್ನೆ: ನಾಲ್ಕು ತಿಂಗಳಿದ್ದಾಗ ನಮ್ಮ ರಸ್ತೆಯಲ್ಲಿ ಟಾಲ್ಯೂಯಿನ್ ಟ್ಯಾಂಕರ್ ಮಗುಚಿತ್ತು. ಇಪ್ಪತ್ತನೇ ವಾರದ ಸ್ಕ್ಯಾನ್ ನಾರ್ಮಲ್ ಬಂದಿದೆ. ಇನ್ನು ನಿಶ್ಚಿಂತೆಯೇ ಮೇಡಂ?

ಉತ್ತರ: ನಿಮ್ಮ ಮಟ್ಟಿಗೆ ಹೌದು, ನಿಶ್ಚಿಂತೆ. ಟಾಲ್ಯೂಯಿನ್ ಎಂದರೆ ಪೇಂಟು, ಅಂಟುಗಳಲ್ಲಿ ಹಾಕುವ ದ್ರಾವಕ. ಅದನ್ನು ಅಮಲಿಗಾಗಿ ಬಸುರಿನುದ್ದಕ್ಕೂ ಮೂಸುವವರ ಮಕ್ಕಳಿಗೆ ತಲೆ ಚಿಕ್ಕದಾಗುವುದು, ಬುದ್ಧಿ ಮಂದವಾಗುವುದು ದಾಖಲಾಗಿದೆ. ರಸ್ತೆ ದಾಟುವಾಗ ಒಂದು ಸಲ ಮೂಗಿಗೆ ಬಡಿದದ್ದಕ್ಕೂ ಅದಕ್ಕೂ ಅಜಗಜಾಂತರ. ಮೈಯಿಂದ ಅದು ಬಹುಪಾಲು ಒಂದೆರಡು ದಿನದಲ್ಲಿ ಹೋಗಿರುತ್ತದೆ.

ಆದರೆ ‘ಸ್ಕ್ಯಾನ್ ನಾರ್ಮಲ್’ ಎಂಬ ಎರಡು ಪದಕ್ಕೆ ನಾವು ಕೊಡುವ ಬೆಲೆ ಸ್ವಲ್ಪ ಹೆಚ್ಚಾಯಿತು. ಸ್ಕ್ಯಾನಿಗೆ ಕಾಣುವುದು ಆಕಾರ. ಮಿದುಳು ಕೆಲಸ ಮಾಡುವ ಬಗೆ ಅದಕ್ಕೆ ಕಾಣುವುದಿಲ್ಲ, ಮಿದುಳೋ ಹೆರಿಗೆಯ ದಿನದವರೆಗೂ, ಆಮೇಲೂ ಬೆಳೆಯುತ್ತಲೇ ಇರುತ್ತದೆ. ಜಪಾನಿನ ಮಿನಮಾಟ ಊರಿನಲ್ಲಿ ಚಿಸೊ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ಕಸವನ್ನು ಸಮುದ್ರಕ್ಕೆ ಬಿಟ್ಟಿತು. ಆ ಕಸದಲ್ಲಿದ್ದ ಮೀಥೈಲ್ ಪಾದರಸ ಮೀನಿಗೆ ಸೇರಿ, ಮೀನಿನಿಂದ ಜನಕ್ಕೆ ಸೇರಿತು. ಕೈಕಾಲು ನಡುಕ, ದೃಷ್ಟಿ ಕುಗ್ಗುವ ಆ ಕಾಯಿಲೆ ಅಧಿಕೃತವಾಗಿ ಗೊತ್ತಾದದ್ದು 1956ರ ಮೇ 1ರಂದು. ಅದೇ ಊರಲ್ಲಿ ಹುಟ್ಟಿದ ಹಲವು ಮಕ್ಕಳು ಕತ್ತು ನಿಲ್ಲದೆ, ಮಾತು ಬಾರದೆ ಬೆಳೆಯುತ್ತಿದ್ದರು. ಅವರ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಕಾಯಿಲೆಯ ಲಕ್ಷಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಾಸು ವಿಷವನ್ನು ತಡೆಯುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರಿಂದ ಇದು ಮಿದುಳಿನ ಬೇರೆ ಯಾವುದೋ ತೊಂದರೆ ಎಂದೇ ನಡೆದಿತ್ತು. ತಾಯ ಹೊಟ್ಟೆಯಲ್ಲೇ ಬಂದ ಪಾದರಸದ ಕಾಯಿಲೆ ಎಂದು ಒಪ್ಪಿಕೊಂಡದ್ದು 1962ರಲ್ಲಿ. ಹರಾಡ ಮಸಜುಮಿ ಎಂಬ ವೈದ್ಯರು ಆ ಮಕ್ಕಳ ಮನೆ ಮನೆ ತಿರುಗಿದವರು. ಜಪಾನಿನಲ್ಲಿ ಮಗುವಿನ ಒಣಗಿದ ಹೊಕ್ಕುಳ ಬಳ್ಳಿಯನ್ನು ಚಿಕ್ಕ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ರೂಢಿಯಿದೆ. ವರ್ಷಗಳ ನಂತರ ಆ ಬಳ್ಳಿಗಳನ್ನು ಪರೀಕ್ಷಿಸಿದಾಗ ಯಾವ ವರ್ಷ ಹುಟ್ಟಿದ ಮಗುವಿಗೆ ಎಷ್ಟು ಪಾದರಸ ಸೇರಿತ್ತು ಎಂಬ ಲೆಕ್ಕ ಸಿಕ್ಕಿತು. ಕಾರ್ಖಾನೆಯ ಕಡತದಲ್ಲಿ ಇಲ್ಲದ ದಾಖಲೆ ತಾಯಂದಿರ ಪೆಟ್ಟಿಗೆಯಲ್ಲಿತ್ತು.

ಸ್ಫೋಟವಾದರೆ ಪತ್ರಿಕೆಯಲ್ಲಿ ಬರುತ್ತದೆ. ಮಿನಮಾಟದಲ್ಲಿ ಯಾವತ್ತೂ ಏನೂ ಸ್ಫೋಟವಾಗಲಿಲ್ಲ. ಟ್ಯಾಂಕರ್ ಮಗುಚಿದ್ದನ್ನು ಬರೆದ ನೀವು, ದಿನವೂ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಾನು ಕೀಟನಾಶಕ ತಯಾರಿಸುವ ಪ್ಲಾಂಟಿನಲ್ಲಿ ಆಪರೇಟರ್. ಹೋದ ತಿಂಗಳು ರಿಯಾಕ್ಟರ್ ತೊಳೆಯುವಾಗ ಮೈಮೇಲೆ ಚೆಲ್ಲಿಕೊಂಡೆ. ನಾವು ಮಗುವಿಗೆ ಪ್ರಯತ್ನ ಪಡುತ್ತಿದ್ದೇವೆ. ತೊಂದರೆ ಹೆಂಗಸರಿಗೆ ಮಾತ್ರ ಅಲ್ಲವೇ ಸಾರ್?

ಉತ್ತರ: ‘ಸಾರ್’ ಅಲ್ಲಪ್ಪ, ನಾನು ಹೆಂಗಸು. ನಿಮ್ಮ ಪ್ರಶ್ನೆಗೆ ಉತ್ತರವೂ ಅದೇ ಧಾಟಿಯದು: ನೀವು ತಿಳಿದಷ್ಟು ಸುಲಭವಲ್ಲ.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಲ್ಯಾಥ್ರಾಪ್ ಎಂಬಲ್ಲಿ ಡಿಬಿಸಿಪಿ ಎಂಬ, ಹೊಲದ ಮಣ್ಣಿನ ಜಂತುಹುಳುಗಳನ್ನು ಕೊಲ್ಲುವ ಕೀಟನಾಶಕ ತಯಾರಿಸುತ್ತಿದ್ದ ಗಂಡಸರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ, ಈಚೆಗೆ ಯಾರ ಮನೆಯಲ್ಲೂ ಮಗುವಾಗಿಲ್ಲ ಎಂಬುದು ಗಮನಕ್ಕೆ ಬಂತು. ಪರೀಕ್ಷೆ ಮಾಡಿಸಿದರೆ ಹಲವರಿಗೆ ವೀರ್ಯಾಣುಗಳೇ ಇಲ್ಲ, ಇದ್ದವರಿಗೆ ಬಲು ಕಡಿಮೆ. ಇಲಿಗಳಿಗೆ ಈ ವಸ್ತು ತಾಗಿಸಿದರೆ ವೃಷಣ ಕುಗ್ಗುತ್ತದೆ ಎಂಬುದು 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಅದನ್ನು ಕೆಲಸಗಾರರಿಗೆ ಓದಿ ಹೇಳಿದವರಿಲ್ಲ. ಕೆಲಸ ಬಿಟ್ಟ ಮೇಲೆ ಕೆಲವರು ಚೇತರಿಸಿಕೊಂಡರು, ಕೆಲವರು ಚೇತರಿಸಿಕೊಳ್ಳಲೇ ಇಲ್ಲ. ಮೇಲೆ ಹೇಳಿದ ಸೆವೆಸೊದಲ್ಲೂ, ಬೇರೊಂದು ಅಧ್ಯಯನದಲ್ಲಿ, ಒಂದು ವಿಚಿತ್ರ ಕಂಡಿತು. ‘ಎ’ ವಲಯದಲ್ಲಿದ್ದ ದಂಪತಿಗಳಿಗೆ 1977ರಿಂದ 1984ರೊಳಗೆ ಹುಟ್ಟಿದ 74 ಮಕ್ಕಳಲ್ಲಿ 48 ಹೆಣ್ಣು, 26 ಗಂಡು. ತಂದೆಯ ರಕ್ತದಲ್ಲಿ ಡಯಾಕ್ಸಿನ್ ಹೆಚ್ಚಿದ್ದಷ್ಟೂ ಹೆಣ್ಣುಮಕ್ಕಳು ಹೆಚ್ಚು. ತಾಯಿಯದು ಎಷ್ಟಿದ್ದರೂ ಈ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಗಂಡಸಿನ ಮೂಲಕವೂ ವಿಷ ಕೆಲಸ ಮಾಡುತ್ತದೆ. ಆದರೆ ಅದು ಹೆಚ್ಚಾಗಿ ಮಗುವೇ ಆಗದಿರುವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಅಂಗದೋಷವಾಗಿ ಅಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನಷ್ಟು. ಮೂರು ತಿಂಗಳು ತಡೆದು ಆಮೇಲೆ ಪ್ರಯತ್ನಿಸಿ, ನಡುವೆ ಒಂದು ವೀರ್ಯ ಪರೀಕ್ಷೆ ಮಾಡಿಸಿ. ಸೇಫ್ಟಿ ಆಫೀಸರ ಹತ್ತಿರ ಆ ದ್ರವದ ಸುರಕ್ಷತಾ ಮಾಹಿತಿ ಹಾಳೆ ಕೇಳಿ. ಅದರ ಹನ್ನೊಂದನೇ ವಿಭಾಗದಲ್ಲಿ ಸಂತಾನಶಕ್ತಿಗೆ ಹಾನಿಯಿದೆಯೇ ಎಂಬುದು ಇರಬೇಕು. ಡಬ್ಬಿಯ ಮೇಲಿನ ವ್ಯಾಪಾರದ ಹೆಸರು ಹೇಳಿದರೆ ನನಗೆ ಪ್ರಯೋಜನವಿಲ್ಲ. ಆ ಹಾಳೆಯಲ್ಲಿರುವ ಸಿಎಎಸ್ ಸಂಖ್ಯೆ, ಅಂದರೆ ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಬರೆದು ಕಳಿಸಿ.

ಇನ್ನೊಂದು. ಕೆಲಸದ ಬಟ್ಟೆ ಮನೆಗೆ ತರಬೇಡಿ. ಸೀಸದ ಕೆಲಸ ಮಾಡುವ ಗಂಡನ ಅಂಗಿ ಒಗೆಯುತ್ತ ಒಗೆಯುತ್ತ ಹೆಂಡತಿಯ ಮೈಗೆ ಸೀಸ ಸೇರುತ್ತದೆ, ಮೂಳೆಯಲ್ಲಿ ಕೂತು ಬಸುರಿನಲ್ಲಿ ಮೂಳೆಯ ಸುಣ್ಣದ (ಕ್ಯಾಲ್ಸಿಯಂ) ಜೊತೆ ಹೊರಬಂದು ಮಗುವಿಗೆ ದಾಟುತ್ತದೆ. ನಮ್ಮ ಕಾರ್ಖಾನೆಯಲ್ಲಿ ಸ್ನಾನದ ಮನೆ ಕಟ್ಟಿಸಿದ್ದರು, ಬೀಗ ಹಾಕಿರುತ್ತಿತ್ತು. ಬೀಗದಕೈ ಯಾರ ಹತ್ತಿರ ಇದೆ ಎಂದು ಆರು ವರ್ಷದಲ್ಲಿ ನನಗೆ ಗೊತ್ತಾಗಲೇ ಇಲ್ಲ.

ಪ್ರಶ್ನೆ: ನಾನು ಬಿ.ಎಸ್‌ಸಿ. ವಿದ್ಯಾರ್ಥಿನಿ. ಭೋಪಾಲ್ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅನಿಲದಿಂದ ಅಂಗವಿಕಲ ಮಕ್ಕಳು ಹುಟ್ಟಿದರು ಎಂದು ಒಂದು ಕಡೆ, ಹಾಗೇನೂ ಸಾಬೀತಾಗಿಲ್ಲ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ?

ಉತ್ತರ: ಪ್ರಬಂಧದಲ್ಲಿ ಎರಡು ಕಥೆಗಳನ್ನು ಬೇರೆ ಬೇರೆ ಇಟ್ಟು ಬರೆಯಿರಿ. ಒಂದು ಅವತ್ತಿನ ರಾತ್ರಿಯದು, ಇನ್ನೊಂದು ಆ ಕಾರ್ಖಾನೆಯ ಅಂಗಳದ ನೀರಿನದು. ಬೆರೆಸಿ ಬರೆದವರೇ ಹೆಚ್ಚು, ಗೊಂದಲ ಅಲ್ಲಿಂದಲೇ.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಇಂಡಿಯಾದ ಕೀಟನಾಶಕ ಕಾರ್ಖಾನೆಯಲ್ಲಿ 610ನೇ ಟ್ಯಾಂಕಿಗೆ ನೀರು ಹೊಕ್ಕು, ಒಳಗಿನ ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವ ಕುದಿದು, ಸುಮಾರು 40 ಟನ್ ಹೊರಬಂತು. ಗಾಳಿಗಿಂತ ಭಾರದ ಅನಿಲ, ನೆಲ ಹಿಡಿದೇ ಹರಿಯಿತು, ಮಲಗಿದವರ ಉಸಿರಿನ ಎತ್ತರದಲ್ಲಿ. ಬಸುರಿಯರಿಗೆ ಏನಾಯಿತು ಎಂಬುದಕ್ಕೆ ಮೊದಲ ಲೆಕ್ಕಗಳು ಒಂದೇ ವರ್ಷದಲ್ಲಿ ಬಂದವು. ಕಾರ್ಖಾನೆಯಿಂದ ಒಂದು ಕಿಲೋಮೀಟರ್ ಒಳಗೆ ಆಗ ಬಸುರಿಯಾಗಿದ್ದ 865 ಹೆಂಗಸರನ್ನು ಡಿ.ಆರ್. ವರ್ಮ ಎಂಬ ಸಂಶೋಧಕರು ವಿಚಾರಿಸಿದರು. ನೂರಕ್ಕೆ 43 ಬಸಿರು ಜೀವಂತ ಮಗುವಿನವರೆಗೆ ಹೋಗಲಿಲ್ಲ. ಜೀವಂತವಾಗಿ ಹುಟ್ಟಿದ 486 ಮಕ್ಕಳಲ್ಲಿ ನೂರಕ್ಕೆ 14 ತಿಂಗಳೊಳಗೆ ತೀರಿಕೊಂಡವು. ಹಿಂದಿನ ಎರಡು ವರ್ಷ ಅದೇ ಜಾಗದಲ್ಲಿ ಅದು ನೂರಕ್ಕೆ ಮೂರರಷ್ಟಿತ್ತು. ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅನಿಲ ತಾಗಿದ ಬಡಾವಣೆಗಳಲ್ಲಿ ನೂರಕ್ಕೆ 24 ಗರ್ಭಪಾತ, ತಾಗದ ಕಡೆ ಆರಕ್ಕಿಂತ ಕಡಿಮೆ. ಅದೇ ಅಧ್ಯಯನದಲ್ಲಿ ಅಂಗದೋಷದ ಪ್ರಮಾಣ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ: ಸಾವಿರಕ್ಕೆ 14, ಸಾವಿರಕ್ಕೆ 13.

ಈ ಕೊನೆಯ ಸಾಲನ್ನು ಮಾತ್ರ ಹಿಡಿದುಕೊಂಡು ‘ಸಾಬೀತಾಗಿಲ್ಲ’ ಎನ್ನುತ್ತಾರೆ. ನಾನು ಹೆರಿಗೆ ವಾರ್ಡಿನವಳು, ನನಗೆ ಅದು ಬೇರೆಯೇ ಆಗಿ ಕಾಣುತ್ತದೆ. ಪೆಟ್ಟು ತಿಂದ ಭ್ರೂಣಗಳು ಹುಟ್ಟುವವರೆಗೆ ಉಳಿಯಲೇ ಇಲ್ಲ, ಇನ್ನು ಅವನ್ನು ಅಂಗದೋಷದ ಪಟ್ಟಿಗೆ ಸೇರಿಸುವವರು ಯಾರು? ಹುಟ್ಟಿದ ಮಕ್ಕಳನ್ನಷ್ಟೇ ಎಣಿಸುವ ಯಾವ ಲೆಕ್ಕದಲ್ಲೂ ಈ ತೂತು ಇರುತ್ತದೆ. ನಿಮ್ಮ ಪ್ರಬಂಧದಲ್ಲಿ ‘ಮಗುವಿಗೆ ಆದ ಹಾನಿ’ ಎಂದು ಬರೆದು, ಅದರೊಳಗೆ ಗರ್ಭಪಾತ, ಸತ್ತು ಹುಟ್ಟಿದ್ದು, ಎಳೆ ಸಾವು, ಅಂಗದೋಷ ಎಲ್ಲವನ್ನೂ ಸೇರಿಸಿ.

ಆಮೇಲಿನದು ಇನ್ನೂ ಬೇಸರದ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಭೋಪಾಲದ ಸಂಶೋಧನೆಗಳನ್ನು 1994ರಲ್ಲಿ ನಿಲ್ಲಿಸಿತು. ಅನಿಲ ಸೋರಿದ ರಾತ್ರಿ ತಾಯ ಹೊಟ್ಟೆಯಲ್ಲಿದ್ದವರಿಗೆ ಹತ್ತು ವರ್ಷ ಕೂಡ ತುಂಬಿರಲಿಲ್ಲ. 2016ರ ಹೊತ್ತಿಗೆ ಮಂಡಳಿಯದೇ ಭೋಪಾಲ್ ಸಂಸ್ಥೆ ಒಂದು ಅಧ್ಯಯನ ಮಾಡಿತು. ಅನಿಲ ತಾಗಿದ ತಾಯಂದಿರ ಸಾವಿರದಷ್ಟು ಮಕ್ಕಳಲ್ಲಿ ನೂರಕ್ಕೆ 9ಕ್ಕೆ ಅಂಗದೋಷ, ತಾಗದವರಲ್ಲಿ 1.3. ವಿಧಾನ ಸರಿಯಿಲ್ಲ ಎಂದು ಮಂಡಳಿ ಅದನ್ನು ಪ್ರಕಟಿಸಲೇ ಇಲ್ಲ. ಮಾಹಿತಿ ಹಕ್ಕಿನಲ್ಲಿ ಕಾಗದ ಹೊರಬಂತು. ವಿಧಾನದ ಬಗ್ಗೆ ನನಗೂ ಅನುಮಾನವಿದೆ. ಎಲ್ಲ ಕಡೆ ನೂರಕ್ಕೆ ಎರಡು ಮೂರು ಇರುವಾಗ ತಾಗದವರಲ್ಲಿ 1.3 ಬಂದರೆ ಯಾರೋ ಸರಿಯಾಗಿ ನೋಡಿಲ್ಲ ಎಂದೇ ಅರ್ಥ. ಹಾಗಾದರೆ ಸರಿಯಾಗಿ ಇನ್ನೊಮ್ಮೆ ನೋಡಬೇಕಿತ್ತು. ಕಡತ ಕಟ್ಟಿಟ್ಟರೆ 9 ಎಂಬ ಸಂಖ್ಯೆ ಸುಳ್ಳಾಗುವುದೂ ಇಲ್ಲ, ನಿಜವಾಗುವುದೂ ಇಲ್ಲ. 2023ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವನ್ನೂ ಓದಿ. ದುರಂತದ ಹೊತ್ತಿಗೆ ಆ ಪ್ರದೇಶದಲ್ಲಿ ತಾಯ ಹೊಟ್ಟೆಯಲ್ಲಿದ್ದ ಗಂಡಸರಲ್ಲಿ, ಕೆಲಸ ಮಾಡಲಾಗದಷ್ಟು ಅಂಗವೈಕಲ್ಯವೂ ಕ್ಯಾನ್ಸರೂ ಉಳಿದವರಿಗಿಂತ ಹೆಚ್ಚು ಎಂದು ಅದು ಹೇಳುತ್ತದೆ. ಹುಟ್ಟಿದ ದಿನ ತೊಟ್ಟಿಲ ಪಕ್ಕ ನಿಂತು ನೋಡಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ನೀರಿನ ಕಥೆ ಚಿಕ್ಕದು. ದುರಂತಕ್ಕೆ ಮುಂಚಿನಿಂದಲೂ ಕಾರ್ಖಾನೆ ತನ್ನ ಕಸವನ್ನು ಅಂಗಳದಲ್ಲೇ ಹೂತು, ಹೊಂಡಗಳಿಗೆ ಬಿಟ್ಟು, ಅದು ಅಂತರ್ಜಲಕ್ಕೆ ಇಳಿಯಿತು. ಗೋದಾಮಿನಲ್ಲಿ ಉಳಿದಿದ್ದ 337 ಟನ್ ಕಸ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ. ಆ ರಾತ್ರಿ ಭೋಪಾಲದಲ್ಲೇ ಇಲ್ಲದ, ಆಮೇಲೆ ಬಂದು ನೆಲೆಸಿದ ತಾಯಂದಿರ ಮಕ್ಕಳ ಪ್ರಶ್ನೆ ಈ ನೀರಿಗೆ ಸೇರಿದ್ದು.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಸೀಳುತುಟಿ, ಅಂಗುಳೂ ಸೀಳಿತ್ತು, ಆಪರೇಷನ್ ಆಗಿದೆ. ಅವಳು ಹೊಟ್ಟೆಯಲ್ಲಿದ್ದಾಗ ಆರನೇ ತಿಂಗಳಲ್ಲಿ ಹತ್ತಿರದ ಫ್ಯಾಕ್ಟರಿಯಲ್ಲಿ ಕ್ಲೋರಿನ್ ಸೋರಿತ್ತು. ಕಿಟಕಿ ಮುಚ್ಚಲು ನಾನು ತಡ ಮಾಡಿದೆ. ಒಂಬತ್ತು ವರ್ಷದಿಂದ ಅದೇ ಮನಸ್ಸಲ್ಲಿ ಕೊರೆಯುತ್ತಿದೆ. ಮೊನ್ನೆ ಮಗಳೇ ಕೇಳಿದಳು, ‘ಅಮ್ಮ, ಅವತ್ತು ಕಿಟಕಿ ತೆಗೆದಿತ್ತಂತೆ, ಹೌದಾ?’ ಏನು ಹೇಳಲಿ?

ಉತ್ತರ: ಈ ಪತ್ರವನ್ನು ಕೊನೆಗೆ ಇಟ್ಟುಕೊಂಡೆ, ಉತ್ತರ ಕಷ್ಟ ಎಂದಲ್ಲ. ಹದಿನೇಳರಲ್ಲಿ ನಾನು ಖಚಿತವಾಗಿ ಉತ್ತರಿಸಬಲ್ಲದ್ದು ಇದೊಂದನ್ನೇ.

ಮೇಲ್ದುಟಿಯ ಎರಡು ಬದಿ ಬಂದು ಕೂಡುವುದು ಗರ್ಭ ಕಟ್ಟಿದ ಆರು ಏಳನೇ ವಾರದಲ್ಲಿ. ಅಂಗುಳು ಕೂಡಿ ಮುಗಿಯುವುದು ಹನ್ನೆರಡನೇ ವಾರದೊಳಗೆ. ನಿಮಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅವಳ ತುಟಿ ಹೇಗಿರಬೇಕೋ ಹಾಗೆ ಆಗಿಹೋಗಿತ್ತು. ಕ್ಲೋರಿನ್ ಸೋರುವ ಹೊತ್ತಿಗೆ ಆಗಿ ಎರಡು ತಿಂಗಳ ಮೇಲಾಗಿತ್ತು. ಆರನೇ ತಿಂಗಳ ಅನಿಲ ಕೂಡಿದ ತುಟಿಯನ್ನು ಹಿಂದಕ್ಕೆ ಹೋಗಿ ಸೀಳಲಾರದು. ಕಿಟಕಿ ತೆಗೆದಿತ್ತೋ ಮುಚ್ಚಿತ್ತೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಹಾಗಾದರೆ ಯಾವುದರಿಂದ?’ ಎಂದು ಕೇಳುತ್ತೀರಿ. ಲೋಕದಲ್ಲಿ ಸುಮಾರು 700 ಮಕ್ಕಳಿಗೆ ಒಂದು ಸೀಳುತುಟಿ ಅಥವಾ ಸೀಳು ಅಂಗುಳಿನೊಂದಿಗೆ ಹುಟ್ಟುತ್ತದೆ. ವಂಶವಾಹಿ, ಸಿಗರೇಟಿನ ಹೊಗೆ, ಮೂರ್ಛೆರೋಗದ ಕೆಲವು ಮಾತ್ರೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಪಾಲುದಾರರು. ಬಹಳಷ್ಟು ಮಕ್ಕಳಲ್ಲಿ ಇದರಿಂದಲೇ ಎಂದು ಬೆರಳು ತೋರಿಸಲು ಏನೂ ಸಿಗುವುದಿಲ್ಲ. ಇನ್ನೊಂದು ಮಗು ಬೇಕೆಂದಿದ್ದರೆ ಅದಕ್ಕೂ ಹೀಗಾಗುವ ಸಾಧ್ಯತೆ ನೂರಕ್ಕೆ ಮೂರು ನಾಲ್ಕು.

ಮಗಳಿಗೆ ಹೀಗೆ ಹೇಳಿ: ‘ಹೌದು ಪುಟ್ಟಿ, ಕಿಟಕಿ ತೆಗೆದಿತ್ತು. ಅಷ್ಟು ಹೊತ್ತಿಗೆ ನಿನ್ನ ತುಟಿ ಆಗಿ ಎರಡು ತಿಂಗಳ ಮೇಲಾಗಿತ್ತು.’ ಬೇಕಾದರೆ ಗೋಡೆಯ ಕ್ಯಾಲೆಂಡರ್ ಇಳಿಸಿ ಅವಳ ಹತ್ತಿರವೇ ಎಣಿಸಿ. ಒಂಬತ್ತು ವರ್ಷದವಳಿಗೆ ಆ ಲೆಕ್ಕ ಬರುತ್ತದೆ.

ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ಅಂಗುಳು ಸೀಳಿದ್ದ ಮಕ್ಕಳ ನಡುಗಿವಿಯಲ್ಲಿ ನೀರು ಕಟ್ಟಿಕೊಂಡು ಕೇಳಿಸುವುದು ಮಂದವಾಗುತ್ತದೆ. ಹೊರಗೆ ಗೊತ್ತಾಗುವುದಿಲ್ಲ, ಶಾಲೆಯಲ್ಲಿ ‘ಗಮನ ಕೊಡುವುದಿಲ್ಲ’ ಎಂದು ದೂರು ಬರುತ್ತದೆ. ಅವಳ ಕಿವಿಯ ಪರೀಕ್ಷೆ ಕೊನೆಯ ಸಲ ಮಾಡಿಸಿದ್ದು ಯಾವಾಗ?